ಕೊಳವೆ ಬದಲಾದ ಮೇಲೂ ಅದೇ ಕಾರೇ?

ಭಾಗಗಳು ಒಂದೊಂದಾಗಿ ಬದಲಾಗುತ್ತ ಹೋದರೂ ವಸ್ತು ಅದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಚರ್ಚಿಸುವಾಗ ಅವರ ಕೈಗೆ ಹೆಚ್ಚಾಗಿ ಸಿಕ್ಕಿದ್ದು ರಥ ಇಲ್ಲವೇ ಬಟ್ಟೆ. ಬೌದ್ಧರ ‘ಮಿಲಿಂದಪನ್ಹ’ದಲ್ಲಿ ಭಿಕ್ಷು ನಾಗಸೇನನು ದೊರೆ ಮಿಲಿಂದನು ಏರಿ ಬಂದ ರಥವನ್ನೇ ಎದುರಿಗಿಟ್ಟುಕೊಂಡು, ಅಚ್ಚು, ಗಾಲಿ, ನೊಗ ಇವುಗಳಲ್ಲಿ ಯಾವುದು ರಥವೆಂದು ಕೇಳುತ್ತಾನೆ, ನ್ಯಾಯ–ವೈಶೇಷಿಕರು ನೂಲನ್ನೂ ನೂಲಿನಿಂದಾದ ಬಟ್ಟೆಯನ್ನೂ ತೋರಿಸಿ, ನೂಲು ಅವಯವ, ಅಂದರೆ ಭಾಗ, ಬಟ್ಟೆ ಅವಯವಿ, ಅಂದರೆ ಭಾಗಗಳಲ್ಲಿ ನೆಲೆಸಿದ್ದರೂ ಅವುಗಳಿಂದ ಬೇರೆಯಾದ ಇಡಿ ವಸ್ತು ಎಂದು ವಾದಿಸುತ್ತಾರೆ. ಈ ಎರಡೂ ಉದಾಹರಣೆಗಳು ತವರಿನಲ್ಲಿದ್ದಂತೆ ಇರುವ ನಾಡು ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳದು. ಮನೆಯಲ್ಲಿ ಇಂದಿಗೂ ಕನ್ನಡವಾಡುವ ದೇವಾಂಗ ನೇಕಾರರು ಇಲ್ಲಿ ತಲೆಮಾರುಗಳಿಂದ ಮಗ್ಗ ನಡೆಸಿದ್ದಾರೆ, ತಿರುಪ್ಪೂರು ಹೆಣೆದ ಬನಿಯನ್ನಿನ ಬಟ್ಟೆಯಿಂದಲೇ ಊರಾಗಿ ಬೆಳೆದಿದೆ, ಇನ್ನು ಗಾಲಿಯ ಮಾತಾದರೆ, ಜಿ. ಡಿ. ನಾಯ್ಡು (1893–1974) 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಬಸ್ ಓಡಿಸಲು ತೊಡಗಿದಂದಿನಿಂದ ಮೋಟಾರು ಇಲ್ಲಿಯ ಬದುಕಿನ ಭಾಗವಾಗಿದೆ. ನಾಯ್ಡು ಅವರ ಮನೆತನದವರು ಹಳೆಯ ಕಾರುಗಳನ್ನು ಕೂಡಿಹಾಕಿ ಜೀಡಿ ಕಾರ್ ಮ್ಯೂಸಿಯಂ ತೆರೆದದ್ದು 2015ರಲ್ಲಿ, ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ; ನಾಶವಿಲ್ಲದ್ದು ಎಂಬ ಹೆಸರು ಹೊತ್ತ ರಸ್ತೆಯಲ್ಲಿ ತುಕ್ಕು ಹಿಡಿಯುವ ವಸ್ತುಗಳ ಸಂಗ್ರಹಾಲಯ ಇರುವುದು ಆಕಸ್ಮಿಕವೇ ಆದರೂ ಪ್ರಸ್ತುತ ಚರ್ಚೆಗೆ ಅನುಕೂಲಕರವಾದ ಆಕಸ್ಮಿಕ.

ಇಲ್ಲಿ ಪರಿಶೀಲನೆಗೆ ತೆಗೆದುಕೊಳ್ಳುವ ಭಾಗ ತೀರ ಸಣ್ಣದು, ಬ್ರೇಕಿನ ಎಣ್ಣೆ ಹರಿಯುವ ಕೊಳವೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲ್‌ನ ನಿಯಮವೇ ಈ ವ್ಯವಸ್ಥೆಯ ಆಧಾರ. ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡವು ಕಿರುಬೆರಳಿಗಿಂತಲೂ ಸಪೂರವಾದ, ಸುಮಾರು 4.75 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಗಳ ಮೂಲಕ ಗಾಲಿಗಳ ಬಳಿಯ ಸಿಲಿಂಡರುಗಳನ್ನು ತಲುಪಿ, ಅಲ್ಲಿ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಫೋರ್ಡ್ ಮಾಡೆಲ್ ಟಿ ಕಾಲದ ಕಾರುಗಳಿಗೆ ಈ ಗೊಡವೆ ಇರಲಿಲ್ಲ, ಅವುಗಳದು ಸರಳು ಮತ್ತು ಪಟ್ಟಿಗಳ ಬ್ರೇಕು. 1921ರಲ್ಲಿ ಡ್ಯೂಸೆನ್‌ಬರ್ಗ್, 1924ರಲ್ಲಿ ಕ್ರೈಸ್ಲರ್ ದ್ರವಬಲದ ಬ್ರೇಕನ್ನು ತಂದ ಮೇಲೆ ಅದೇ ರೂಢಿಯಾಯಿತು. ಹಿಂದೂಸ್ತಾನ್ ಅಂಬಾಸಿಡರ್, ಫಿಯಟ್ 1100 ಮೊದಲಾದ, ನಮ್ಮ ರಸ್ತೆಗಳಲ್ಲಿ ಬೆಳೆದ ಕಾರುಗಳೆಲ್ಲ ಈ ವಂಶದವು. ಆರಂಭದ ಬ್ರೇಕ್ ಎಣ್ಣೆ ಮದ್ಯಸಾರ ಬೆರೆಸಿದ ಹರಳೆಣ್ಣೆಯಾಗಿತ್ತು ಎಂಬುದನ್ನು, ಎಣ್ಣೆಸ್ನಾನದ ಸಂಸ್ಕೃತಿಯ ಓದುಗರಿಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಈಗ ಬಳಕೆಯಲ್ಲಿರುವ ಗ್ಲೈಕಾಲ್ ಜಾತಿಯ ದ್ರವಕ್ಕೆ ಒಂದು ದುರ್ಗುಣವಿದೆ: ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕಾದ ಡಾಟ್ 3 ದ್ರವ, ನೂರಕ್ಕೆ ನಾಲ್ಕರಷ್ಟೂ ಇಲ್ಲದ ನೀರು ಸೇರಿದರೆ 140 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಆಳಿಯಾರಿನಿಂದ ವಾಲ್ಪಾರೈಗೆ ಏರುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಅಲ್ಲಿಂದ ಇಳಿಯುವ ಹಳೆಯ ಕಾರಿನ ಚಾಲಕ ತಿರುವು ತಿರುವಿಗೂ ಬ್ರೇಕ್ ತುಳಿಯುತ್ತ ಬಂದಂತೆ ಡ್ರಮ್ಮುಗಳು ಕಾದು, ಕಾವು ದ್ರವಕ್ಕೆ ಹತ್ತಿ, ಕೊಳವೆಯೊಳಗೆ ಆವಿಯ ಗುಳ್ಳೆ ಎದ್ದರೆ, ದ್ರವದಂತಲ್ಲದೆ ಆವಿ ಕುಗ್ಗುವ ವಸ್ತುವಾದ್ದರಿಂದ ಪೆಡಲು ಎದುರು ಒತ್ತದೆ ನೆಲಕ್ಕೆ ಇಳಿದುಬಿಡುತ್ತದೆ. ಅದೇ ತೇವ ಉಕ್ಕಿನ ಕೊಳವೆಯನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ಹಾಗೆಯೇ ಇರುತ್ತದೆ. ಹಳೆಯ ಕಾರುಗಳಲ್ಲಿ ಬಹುಪಾಲು ನಾಲ್ಕು ಗಾಲಿಗಳಿಗೂ ಒಂದೇ ಜಾಲವಿದ್ದುದರಿಂದ, ಒಂದೆಡೆ ಸೂಜಿಮೊನೆಯಷ್ಟು ತೂತು ಬಿದ್ದರೂ ನಾಲ್ಕೂ ಗಾಲಿಗಳ ಬ್ರೇಕು ಕೈಕೊಡಬಹುದು.

ಹಾಗಾದರೆ ಕೊಳವೆ ಬದಲಿಸಲೇಬೇಕು. ಬದಲಿಸಿದ ಮೇಲೆ ನಿಂತಿರುವುದು ಯಾವ ಕಾರು? ಕಟ್ಟುನಿಟ್ಟಾದ ನೈಯಾಯಿಕನನ್ನು ಕೇಳಿದರೆ ಉತ್ತರ ಅಚ್ಚರಿ ಹುಟ್ಟಿಸುತ್ತದೆ. ಬಟ್ಟೆಯಿಂದ ಒಂದು ಎಳೆ ತೆಗೆದರೂ ಮೊದಲಿನ ಬಟ್ಟೆ ನಾಶವಾಗಿ, ಉಳಿದ ಎಳೆಗಳಿಂದ ‘ಖಂಡಪಟ’ವೆಂಬ ಬೇರೊಂದು ಬಟ್ಟೆ ಹುಟ್ಟುತ್ತದೆಂಬುದು ಅವನ ಸಿದ್ಧಾಂತ, ಆ ಲೆಕ್ಕದಲ್ಲಿ ಒಂದು ಕೊಳವೆ ಬಿಚ್ಚಿದ ಗಳಿಗೆಯಲ್ಲೇ 1958ರ ಅಂಬಾಸಿಡರ್ ಇಲ್ಲವಾಗಿರುತ್ತದೆ. ‘ಇದು ಅದೇ’ ಎಂಬ ಗುರುತಿಸುವಿಕೆಗೆ, ಅಂದರೆ ಪ್ರತ್ಯಭಿಜ್ಞೆಗೆ, ಅವನು ಬೇರೆ ಸಮಾಧಾನ ಕೊಡುತ್ತಾನೆ: ಇಬ್ಬರು ರೋಗಿಗಳು ಒಂದೇ ಔಷಧ ತೆಗೆದುಕೊಂಡರೆಂದು ಹೇಳುವಾಗ ಒಂದೇ ಗುಳಿಗೆಯನ್ನು ಇಬ್ಬರೂ ನುಂಗಿದರೆಂದು ಅರ್ಥವಲ್ಲ, ಒಂದೇ ಜಾತಿಯದನ್ನು ಎಂದಷ್ಟೇ ಅರ್ಥ. ಬೌದ್ಧನಿಗೆ ಈ ಕಷ್ಟವಿಲ್ಲ, ಏಕೆಂದರೆ ಅವನ ಪಾಲಿಗೆ ಕಾರೆಂಬುದು ಮೊದಲಿನಿಂದಲೂ ವ್ಯವಹಾರಕ್ಕೆ ಇಟ್ಟ ಹೆಸರು ಮಾತ್ರ. ಜೈನರು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವನ್ನು ಅನುಸರಿಸಿ, ಹುಟ್ಟು, ಅಳಿವು, ನಿಲುವು ಮೂರೂ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರುತ್ತವೆಂದು ಹೇಳಿ ಜಗಳ ಬಗೆಹರಿಸುತ್ತಾರೆ. ಬಗೆಹರಿಸುವುದು ಸ್ವಲ್ಪ ಅತಿ ಸುಲಭವಾಯಿತೆಂದು ಅನ್ನಿಸಿದರೆ ತಪ್ಪಿಲ್ಲ: ಮೂರೂ ಇವೆಯೆಂದು ಒಪ್ಪಿದ ಮೇಲೂ, ಯಾವ ಭಾಗದ ಅಳಿವನ್ನು ಸಹಿಸಬಹುದು, ಯಾವುದರದನ್ನು ಸಹಿಸಲಾಗದು ಎಂಬುದು ಹಾಗೆಯೇ ಉಳಿಯುತ್ತದೆ.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದಾಗ ಬೇರೊಂದು ದಾರಿ ಕಾಣುತ್ತದೆ. ಬಿಚ್ಚಿದ ಹಳೆಯ ಕೊಳವೆಯನ್ನು ಮೇಜಿನ ಮೇಲೆ ಮಲಗಿಸಿ, ಅದರ ಒಂದೊಂದು ಬಾಗಿಗೂ ಸರಿಹೊಂದುವಂತೆ ಹೊಸ ಕೊಳವೆಯನ್ನು ಬಾಗಿಸುತ್ತಾರೆ. ಬಾಗಿಸುವಾಗ ಕೊಳವೆ ನುಗ್ಗಾಗಬಾರದು. ತುದಿಗೆ ಮೊದಲೇ ನಟ್ಟು ತೂರಿಸಿ, ಹಿಡಿಕೆಯಲ್ಲಿ ಬಿಗಿದು, ಬಾಯನ್ನು ಎರಡು ಸಲ ಮಡಚಿ ಅರಳಿಸುತ್ತಾರೆ, ಇದನ್ನೇ ಡಬಲ್ ಫ್ಲೇರ್ ಎನ್ನುವುದು. ನಟ್ಟು ತೂರಿಸಲು ಮರೆತು ಬಾಯಿ ಅರಳಿಸಿದವನು ಕತ್ತರಿಸಿ ಮತ್ತೆ ಮೊದಲಿನಿಂದ ಮಾಡಬೇಕು. ಹೊಸ ಕೊಳವೆ ಉಕ್ಕಿನದೇ ಆಗಬೇಕೆಂದಿಲ್ಲ. ಸುಮಾರು ನೂರಕ್ಕೆ ಹತ್ತು ಪಾಲು ನಿಕಲ್ ಇರುವ ತಾಮ್ರದ ಮಿಶ್ರಲೋಹ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಹಲವರು ಅದನ್ನೇ ಮೆಚ್ಚುತ್ತಾರೆ. ಬರಿಯ ತಾಮ್ರ ಮಾತ್ರ ಸಲ್ಲದು, ಅದುರಿ ಅದುರಿ ಗಡಸಾಗಿ ಬಿರುಕು ಬಿಡುತ್ತದೆ. ಇಲ್ಲಿ ದ್ರವ್ಯ ಪೂರ್ತಿ ಬದಲಾಗಿ ಆಕೃತಿ ಉಳಿಯಿತು. ಪತಂಜಲಿಯ ‘ಮಹಾಭಾಷ್ಯ’ದ ಮೊದಲ ಆಹ್ನಿಕದಲ್ಲಿ ಬರುವ ಚಿನ್ನದ ಉದಾಹರಣೆ ಇದಕ್ಕೆ ವಿರುದ್ಧ ದಿಕ್ಕಿನದು: ಒಡವೆಯನ್ನು ಕರಗಿಸಿ ಬೇರೆ ಒಡವೆ ಮಾಡಿದಾಗ ಆಕೃತಿ ಬದಲಾಗಿ ದ್ರವ್ಯ ಉಳಿಯುತ್ತದೆ. ಆದರೆ ಅವನು ಅಷ್ಟಕ್ಕೇ ನಿಲ್ಲದೆ, ಎಂದೂ ಅಲುಗದೆ ಇರುವುದು ಮಾತ್ರವೇ ನಿತ್ಯವಲ್ಲ, ಯಾವುದರಲ್ಲಿ ಅದರ ತತ್ತ್ವ, ಅಂದರೆ ಅದು ಅದಾಗಿರುವಿಕೆ, ಕೆಡುವುದಿಲ್ಲವೋ ಅದೂ ನಿತ್ಯವೇ ಎಂದು ಆಕೃತಿಯ ಪರವಾಗಿಯೂ ಬಾಗಿಲು ತೆರೆದಿಡುತ್ತಾನೆ. ವೈಯಾಕರಣನಿಗೆ ಇದು ಸಹಜ. ಹೊಸ ಕೊಳವೆ ಜೋಡಿಸಿದ ಮೇಲೆ ಒಳಗೆ ಸಿಕ್ಕಿದ ಗಾಳಿಯನ್ನು ಹೊರಗೆ ಬಿಡಲು ಇಬ್ಬರು ಬೇಕು, ಒಬ್ಬ ಪೆಡಲು ತುಳಿದು ಹಿಡಿದಿರುವಾಗ ಇನ್ನೊಬ್ಬ ಗಾಲಿಯ ಬಳಿಯ ನಿಪ್ಪಲನ್ನು ಸಡಿಲಿಸಿ ಮತ್ತೆ ಬಿಗಿಯಬೇಕು. ಆಗ ತಮಿಳಿನವರು ‘ಪಿಡಿ’ ಎನ್ನುವುದನ್ನು ಕನ್ನಡದವರು ‘ಹಿಡಿ’ ಎನ್ನುತ್ತಾರೆ. ಹಳಗನ್ನಡದ ಪಕಾರ ಹೋಗಿ ಹಕಾರ ಬಂದರೂ ಆ ಶಬ್ದ ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ.

ಆದರೂ ಆಕೃತಿ ಉಳಿದರೆ ಸಾಕೆಂದರೆ ತಪ್ಪಾಗುತ್ತದೆ, ಏಕೆಂದರೆ ಒಳಗೆ ತುಕ್ಕು ತಿಂದ ಕೊಳವೆಯ ಆಕೃತಿಗೂ ಕುಂದಿರುವುದಿಲ್ಲ. ಈ ವಿಷಯದಲ್ಲಿ ತರ್ಕಶಾಸ್ತ್ರಕ್ಕಿಂತ ದೇವಾಲಯದ ಶಾಸ್ತ್ರ ಹೆಚ್ಚು ನೆರವಾಗುತ್ತದೆ. ಪೇರೂರಿನ ಪಟ್ಟೀಶ್ವರ, ತಿರುಪ್ಪೂರು ಜಿಲ್ಲೆಯ ಅವಿನಾಶಿಲಿಂಗೇಶ್ವರ ಮೊದಲಾದ ಗುಡಿಗಳಲ್ಲಿ ಜೀರ್ಣೋದ್ಧಾರವೆಂದರೆ ಆಗಮೋಕ್ತ ಕ್ರಿಯೆ: ಮೂರ್ತಿಯ ಸಾನ್ನಿಧ್ಯವನ್ನು ಕಲಶದ ನೀರಿಗೆ ಆವಾಹಿಸಿ ಬಾಲಾಲಯದಲ್ಲಿ, ಅಂದರೆ ತಾತ್ಕಾಲಿಕ ಗುಡಿಯಲ್ಲಿ, ಇರಿಸಿ, ಕೆಲಸ ಮುಗಿದ ಮೇಲೆ ಕುಂಭಾಭಿಷೇಕದಲ್ಲಿ ಮರಳಿ ತುಂಬುತ್ತಾರೆ. ದ್ರವವನ್ನು ಇಳಿಸಿ, ಕೊಳವೆ ಬದಲಿಸಿ, ಮತ್ತೆ ತುಂಬುವ ಕೆಲಸಕ್ಕೂ ಇದಕ್ಕೂ ಹೋಲಿಕೆ ಕಾಣುವುದು ಸುಲಭ, ಆದರೆ ಇಳಿಸಿದ ಬ್ರೇಕ್ ಎಣ್ಣೆಯನ್ನು ಮತ್ತೆ ಬಳಸುವವನು ಮೂರ್ಖನಾದ್ದರಿಂದ ಹೋಲಿಕೆಯನ್ನು ಬೆಳೆಸದಿರುವುದೇ ಲೇಸು. ಮುಖ್ಯವಾದದ್ದು ಆಗಮಗಳ ಇನ್ನೊಂದು ವಿವೇಕ. ಅವು ಮೂರ್ತಿಯ ಭಾಗಗಳನ್ನು ಮಹಾಂಗ, ಅಂಗ, ಉಪಾಂಗ, ಪ್ರತ್ಯಂಗಗಳೆಂದು ವಿಂಗಡಿಸಿ, ಸಣ್ಣ ಅಂಗ ಭಿನ್ನವಾದರೆ ಸರಿಪಡಿಸಬಹುದೆಂದೂ ಮಹಾಂಗವೇ ಮುರಿದರೆ ಮೂರ್ತಿಯನ್ನು ತ್ಯಜಿಸಬೇಕೆಂದೂ ಹೇಳುತ್ತವೆ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿಂಟೇಜ್ ವಾಹನಗಳ ನಿಯಮ, ಬಹುಶಃ ಅರಿಯದೆಯೇ, ಇದೇ ಮಾರ್ಗ ಹಿಡಿದಿದೆ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಕಾಪಾಡಿದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಶೇಷ ಸಂಖ್ಯೆ ಸಿಗುತ್ತದೆ, ಚಾಸಿ, ಹೊರಮೈ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಈ ಮೂರೇ ಮಹಾಂಗ. ಕೊಳವೆಯ ಹೆಸರು ಅಲ್ಲಿಲ್ಲ.

ಕಾನೂನಿನ ಕಣ್ಣಿಗೆ ಪ್ರತ್ಯಂಗವಾದ ಈ ಕೊಳವೆ ‘ಕಠೋಪನಿಷತ್ತಿ’ನ ರಥರೂಪಕದಲ್ಲಿ ನಿಲ್ಲುವ ಜಾಗವೇ ಬೇರೆ. ಅಲ್ಲಿ ಆತ್ಮ ರಥಿಕ, ಶರೀರ ರಥ, ಬುದ್ಧಿ ಸಾರಥಿ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು. ಸಾರಥಿಯ ಇಚ್ಛೆಯನ್ನು ಓಟದ ಕಡೆಗೆ ಒಯ್ಯುವ, ತಾನು ಎಳೆಯದ, ತಾನು ಓಡದ, ಆದರೆ ಕಡಿದರೆ ಎಲ್ಲವೂ ಹಾಳಾಗುವ ವಸ್ತು ಲಗಾಮು. ಕಾರಿನಲ್ಲಿ ಆ ಕೆಲಸ ಕೊಳವೆಯದು. ಲಗಾಮಿನ ಮೌಲ್ಯ ಅದರ ಚರ್ಮ ಎಷ್ಟು ಹಳೆಯದು ಎಂಬುದರಲ್ಲಿಲ್ಲ, ಕೈಯ ಸೆಳೆತವನ್ನು ಕುದುರೆಯ ಬಾಯಿಗೆ ಮುಟ್ಟಿಸುವುದರಲ್ಲಿದೆ. ಆದ್ದರಿಂದ ಕಾರ್ಖಾನೆಯಿಂದ ಬಂದ ಮೂಲ ಕೊಳವೆಯೆಂಬ ಭಕ್ತಿಯಿಂದ ಅದನ್ನು ಉಳಿಸಿಕೊಂಡು ಕಾರನ್ನು ರಸ್ತೆಗಿಳಿಸುವವನು ಮೂಲವನ್ನು ಕಾಪಾಡಿದವನಲ್ಲ. ನಿಲ್ಲುವ ಸಾಮರ್ಥ್ಯವೂ ಆ ಕಾರಿನ ಮೂಲಗುಣಗಳಲ್ಲಿ ಒಂದಾಗಿತ್ತು, ಅದನ್ನು ಅವನು ಕಳೆದಿದ್ದಾನೆ, ಎದುರಿನಿಂದ ನಡೆದು ಬರುವವರ ಜೀವವನ್ನು ತನ್ನ ಹವ್ಯಾಸಕ್ಕೆ ಅಡವಿಟ್ಟಿದ್ದಾನೆ.

ಓಡದ ಕಾರಿನ ಮಾತು ಬೇರೆ. ಶರಣರು ಬಳಸಿದ ಸ್ಥಾವರ–ಜಂಗಮಗಳೆಂಬ ಜೋಡಿಪದಗಳಲ್ಲಿ ಹೇಳುವುದಾದರೆ, ಸಂಗ್ರಹಾಲಯ ಸೇರಿದ ಕಾರು ಸ್ಥಾವರವಾದ ಜಂಗಮ. ಅಲ್ಲಿ ಹಳೆಯ ಕೊಳವೆಗೆ ಒತ್ತಡ ಹೊರುವ ಹೊಣೆಯಿಲ್ಲ, ತನ್ನ ಕಾಲದ ಕೈಕೆಲಸಕ್ಕೆ ಸಾಕ್ಷಿ ನುಡಿಯುವ ಹೊಣೆ ಮಾತ್ರ ಇರುತ್ತದೆ, ಅದನ್ನು ಬದಲಿಸುವುದೇ ಸುಳ್ಳು. ಆದರೆ ನಿಂತ ಕಾರಿನಲ್ಲೂ ದ್ರವ ತೇವ ಕುಡಿಯುತ್ತಲೇ ಇರುತ್ತದೆ, ಆದುದರಿಂದ ಸಾಕ್ಷಿಯನ್ನು ಉಳಿಸಬೇಕಾದರೆ ದ್ರವವನ್ನು ಹೊರತೆಗೆದು ಕೊಳವೆಯನ್ನು ಒಣಗಿಸಬೇಕಾಗುತ್ತದೆ. ಬದಲಾದದ್ದೂ ಅದೇ ಆಗಿರಬಲ್ಲದೆಂಬುದಕ್ಕೆ ಇಲ್ಲಿಯದೇ ಒಂದು ನಿದರ್ಶನವಿದೆ. ಅವಿನಾಶಿಯ ಕ್ಷೇತ್ರಕಥೆ, ‘ಪೆರಿಯಪುರಾಣ’ದಲ್ಲಿ ಬರುವಂತೆ, ಮೊಸಳೆ ನುಂಗಿದ ಬಾಲಕನನ್ನು ಶಿವಭಕ್ತ ಸುಂದರರ್ ಹಾಡಿ ಮರಳಿ ತರಿಸಿದ್ದು; ಹುಡುಗ ಮರಳಿದ್ದು ನುಂಗಿದ ದಿನದ ಎಳೆಯ ಮೈಯಲ್ಲಿ ಅಲ್ಲ, ನಡುವೆ ಕಳೆದ ವರ್ಷಗಳ ಬೆಳವಣಿಗೆಯೊಂದಿಗೆ. ತಾಯಿ ಅವನನ್ನು ತನ್ನ ಮಗನಲ್ಲವೆನ್ನಲಿಲ್ಲ.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ರಸ್ತೆಯ ಸುರಕ್ಷತೆಗಾಗಿ ಬದಲಾವಣೆ ಅನಿವಾರ್ಯವಾದಾಗ ಅದು ಹಿಂತೆಗೆಯಬಲ್ಲದ್ದಾಗಿರಲಿ, ಬಿಚ್ಚಿದ ಮುಖ್ಯ ಭಾಗಗಳು ವಾಹನದ ಜೊತೆಗೇ ಇರಲಿ ಎಂದು ಸಲಹೆ ಕೊಡುತ್ತದೆ. ಸನ್ನದಿನ ಹೆಸರು ಕೇಳದ ಮೆಕ್ಯಾನಿಕ್ಕೂ ಹಳೆಯ ಕೊಳವೆಯನ್ನು ಕೂಡಲೇ ಗುಜರಿಗೆ ಹಾಕುವುದಿಲ್ಲ. ತುದಿ ಒರೆಸಿ, ಯಾವ ಕಾರಿನ ಯಾವ ಗಾಲಿಯದೆಂದು ಚೀಟಿ ಕಟ್ಟಿ, ಗೋಡೆಯ ಮೊಳೆಗೆ ನೇತುಹಾಕುತ್ತಾನೆ. ಅದೇ ಮಾದರಿಯ ಇನ್ನೊಂದು ಕಾರು ಬಂದಾಗ ಬಾಗಿನ ಅಳತೆಗೆ ಅದು ಬೇಕಾಗುತ್ತದೆ.