ತೀರ್ಥ ಮತ್ತು ತರ್ಕ

ಕಾಶಿಯ ಸಂಕಟಮೋಚನ ದೇವಾಲಯದ ಮಹಂತರಾಗಿದ್ದ ವೀರಭದ್ರ ಮಿಶ್ರರು ಅದೇ ನಗರದ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲ ಇಂಜಿನಿಯರಿಂಗಿನ ಪ್ರಾಧ್ಯಾಪಕರೂ ಆಗಿದ್ದರು. ಬೆಳಗಿನ ಹೊತ್ತು ತುಲಸಿಘಾಟಿನ ಮೆಟ್ಟಿಲಿಳಿದು ಗಂಗೆಯಲ್ಲಿ ಮೀಯುತ್ತಿದ್ದ ಅವರು, 1982ರಲ್ಲಿ ಸ್ಥಾಪಿಸಿದ ತಮ್ಮ ಪ್ರತಿಷ್ಠಾನದ ಮೂಲಕ ಅದೇ ನೀರಿನ ಮಲಜನ್ಯ ಬ್ಯಾಕ್ಟೀರಿಯಗಳನ್ನು ಎಣಿಸುವ ಪ್ರಯೋಗಾಲಯವನ್ನೂ ನಡೆಸಿದರು. ಸ್ನಾನಯೋಗ್ಯವಾದ 100 ಮಿಲಿಲೀಟರ್ ನೀರಿನಲ್ಲಿ 2,500ನ್ನು ಮೀರಕೂಡದೆಂದು ವಿಧಿಸಿದ ಆ ಸಂಖ್ಯೆಯು ಕೊಳಚೆ ನಾಲೆಗಳ ಮುಖದಲ್ಲಿ ಎಷ್ಟೋ ಪಟ್ಟು ಏರಿರುವುದನ್ನು ತಿಳಿದೂ ಸ್ನಾನವನ್ನು ಬಿಡದ, ಸ್ನಾನ ಮಾಡಿಯೂ ಎಣಿಕೆಯನ್ನು ಮರೆಮಾಚದ ಈ ಮಹನೀಯರಲ್ಲಿ, ಭಕ್ತಿಯೂ ಬುದ್ಧಿಯೂ ಒಂದನ್ನೊಂದು ಸುಳ್ಳಾಗಿಸದೆ ಬಾಳಬಲ್ಲವೆಂಬುದಕ್ಕೆ ನನಗೆ ದೃಢವಾದ ನಿದರ್ಶನ ದೊರೆಯುತ್ತದೆ.

1986ರಲ್ಲಿ ಆರಂಭವಾದ ಗಂಗಾ ಕ್ರಿಯಾ ಯೋಜನೆಯಲ್ಲಿ ನಗರದ ಕೊಳಚೆಯನ್ನು ವಿದ್ಯುತ್ ಪಂಪುಗಳಿಂದ ಮೇಲೆತ್ತಿ ಶುದ್ಧೀಕರಣ ಘಟಕಗಳಿಗೆ ಸಾಗಿಸುವ ಏರ್ಪಾಟಿದ್ದಿತು. ಕರೆಂಟು ಹೋದೊಡನೆ ಪಂಪು ನಿಲ್ಲುವುದು, ಕೊಳಚೆ ನೇರವಾಗಿ ನದಿಗೆ ಹರಿಯುವುದು. ಘಟಕವನ್ನು ದಾಟಿಬಂದ ನೀರಿನಲ್ಲಿಯೂ ರೋಗಾಣುಗಳು ಉಳಿಯುವುವು. ಇಳಿಜಾರಿನ ಬಲದಿಂದಲೇ ಕೊಳಚೆ ತಾನಾಗಿ ಹರಿದುಹೋಗಿ, ಊರಾಚೆಯ ಕೊಳಗಳಲ್ಲಿ ಬಿಸಿಲಿನಿಂದಲೂ ಪಾಚಿಯಿಂದಲೂ ಶುದ್ಧವಾಗುವ ಮಾರ್ಗವನ್ನು ಮಿಶ್ರರು ಸೂಚಿಸಿದರು. ಯೋಜನೆಯ ದೋಷವನ್ನು ಕಾಣುವುದಕ್ಕೆ ಇಂಜಿನಿಯರಿನ ಕಣ್ಣು ಸಾಕಾಗಿತ್ತು. ಅದನ್ನು 2013ರಲ್ಲಿ ತೀರಿಕೊಳ್ಳುವವರೆಗೂ ಬೇಸರಿಸದೆ ಸಾರುತ್ತಿರುವುದಕ್ಕೆ ಬೇರೊಂದು ಬಲ ಬೇಕಾಗಿದ್ದಿತು.

ಆ ಬಲವನ್ನು ತರ್ಕವು ತಾನೇ ಹುಟ್ಟಿಸಲಾರದು. ನೀರು ಎಷ್ಟು ಕೆಟ್ಟಿದೆಯೆಂದು ಅದು ಹೇಳಬಲ್ಲುದು. ಲಾಭನಷ್ಟಗಳ ತಕ್ಕಡಿಯಲ್ಲಿ ನದಿಯನ್ನು ಇಡಲೇಕೂಡದೆಂದು ಹೇಳಲಾರದು. ಹಾಗೆಂದು ಶ್ರದ್ಧೆಯೊಂದನ್ನೇ ನೆಚ್ಚುವಂತೆಯೂ ಇಲ್ಲ. ಗಂಗೆಗೆ ಮೈಲಿಗೆಯೇ ತಾಗದೆಂಬ ನಂಬಿಕೆಯು, ಕೊಳಚೆಯನ್ನು ಕಂಡೂ ಕಾಣದಂತಿರುವುದಕ್ಕೆ ಎಷ್ಟೋ ಮಂದಿಗೆ ನೆಪವಾಗಿದೆ. ಕೊಡಗಿನ ದೇವರಕಾಡುಗಳು, ದೇವರ ಹೆಸರಿದ್ದೂ, ಕಳೆದ ಶತಮಾನದಲ್ಲಿ ಒತ್ತುವರಿಗೆ ಸಿಕ್ಕಿ ಕುಗ್ಗಿದುದನ್ನು ನಾವು ಬಲ್ಲೆವು.

ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿಯ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲಿನಲ್ಲಿ ಕೊಟ್ಟ ತೀರ್ಪು ವಿವೇಕದ ದಾರಿಯನ್ನು ತೋರಿತು. ನಿಯಮರಾಜನೆಂಬ ದೈವ ಬೆಟ್ಟದ ಮೇಲೆ ಇರುವನೋ ಇಲ್ಲವೋ ಎಂಬ ವಿಚಾರಣೆಗೆ ಅದು ಕೈಹಾಕಲಿಲ್ಲ. ಗಣಿಯಿಂದ ಡೋಂಗ್ರಿಯಾ ಕೊಂದ್ ಜನರ ಆರಾಧನೆಯ ಹಕ್ಕಿಗೆ ಧಕ್ಕೆಯಾಗುವುದೇ ಎಂಬುದನ್ನು ಗ್ರಾಮಸಭೆಗಳು ಪರಿಶೀಲಿಸಲೆಂದಿತು. ಸೇರಿದ 12 ಗ್ರಾಮಸಭೆಗಳೂ ಗಣಿ ಬೇಡವೆಂದವು. ಕಳೆದುಹೋಗುವುದು ಎಂಥದೆಂಬುದಕ್ಕೆ ಆರಾಧಿಸುವವರ ಮಾತೇ ಪ್ರಮಾಣ. ನೀರಿನ, ಮಣ್ಣಿನ ಸ್ಥಿತಿಗೆ ಪರೀಕ್ಷೆಯೇ ಪ್ರಮಾಣ. ಈ ಗಡಿಯನ್ನು ಉಭಯ ಪಕ್ಷದವರೂ ಮನ್ನಿಸಬೇಕೆಂಬುದೇ ನನ್ನ ವಾದ. ನದಿಗೆ ಆರತಿಯೆತ್ತುವ ಅಧಿಕಾರಸ್ಥರು ಆ ಆರತಿಯನ್ನೇ ಅಳತೆಗೆ ಬದಲಾಗಿ ತೋರಿಸಿದಾಗಲಂತೂ ಅದನ್ನು ಗಟ್ಟಿಯಾಗಿ ನೆನಪಿಸಲೇಬೇಕು.

ನಮ್ಮ ಕಾವೇರಿ, ತುಂಗೆಯರ ತೀರದ ಕ್ಷೇತ್ರಗಳವರಲ್ಲಿ ನನ್ನದೊಂದು ಬಿನ್ನಹ: ಪೂಜೆಯ ವೇಳೆಯನ್ನು ಬರೆಸಿದ ಹಲಗೆಯ ಪಕ್ಕದಲ್ಲಿಯೇ ಆಯಾ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಬರೆಸಿರಿ. ಮೀಯಲು ಬಂದ ಭಕ್ತರು ಅದನ್ನು ಓದಿಕೊಂಡು ಹೋಗಿ ಪುರಸಭೆಯವರನ್ನು ಪ್ರಶ್ನಿಸಲಿ.