ಇಂದಿನ ಧಮ್ಮಚಿಂತನೆ: ವಿನಯ ಎಂದರೆ ತಲೆ ತಗ್ಗಿಸುವುದೇ?



ಮುಂದಾಳುವಿಗೆ ಆತ್ಮವಿಶ್ವಾಸದ ಜೊತೆ ವಿನಯವೂ ಇರಬೇಕು ಎನ್ನುತ್ತಾರೆ. ಆ ಎರಡನೆಯ ಪದ ಕೇಳಿದರೆ ನನಗೆ ಸ್ವಲ್ಪ ಅನುಮಾನ. ನಮ್ಮ ಅಜ್ಜಂದಿರು ಚಪ್ಪಲಿ ಕೈಯಲ್ಲಿ ಹಿಡಿದು, ಹೆಗಲ ಟವೆಲ್ ಕಂಕುಳಿಗೆ ಇಳಿಸಿ ಊರೊಳಗೆ ನಡೆದರು. ಊರು ಅದನ್ನೇ ವಿನಯ ಎಂದಿತು. ಈಗಲೂ ನಮ್ಮ ಹುಡುಗಿಯೊಬ್ಬಳು ನೇರವಾಗಿ ಪ್ರಶ್ನೆ ಕೇಳಿದರೆ 'ಸೊಕ್ಕು ಜಾಸ್ತಿ' ಎನ್ನುವವರಿದ್ದಾರೆ. (ನಾವು ಮೇಷ್ಟ್ರುಗಳೂ ರಜಾ ಅರ್ಜಿಯಲ್ಲಿ 'ತಮ್ಮ ವಿಧೇಯ ವಿದ್ಯಾರ್ಥಿ' ಎಂದೇ ಬರೆಸುತ್ತೇವೆ, ಅದಿರಲಿ.)

ಪಾಲಿಯಲ್ಲಿ ವಿನಯ ಎಂದರೆ ಶಿಸ್ತು. ವಿನಯಪಿಟಕದಲ್ಲಿ ಬರುವ ಉಪಾಲಿಯವರ ಪ್ರಸಂಗ ನಿಮಗೆ ಗೊತ್ತೇ ಇದೆ. ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ ಅವರ ಕ್ಷೌರಿಕ ಉಪಾಲಿಯೂ ಬಂದರು. ಮೊದಲು ಇವರಿಗೆ ಪಬ್ಬಜ್ಜೆ ಕೊಡಿ, ನಾವು ಇವರಿಗೆ ವಂದಿಸಬೇಕಾಗಲಿ, ನಮ್ಮ ಶಾಕ್ಯರ ಗರ್ವ ಇಳಿಯಲಿ ಎಂದು ರಾಜಕುಮಾರರೇ ಕೇಳಿಕೊಂಡರು. ಭಗವಾನರು ಹಾಗೆಯೇ ಮಾಡಿದರು. ಗಮನಿಸಿ, ಅಲ್ಲಿ ಬಾಗಿದವರು ರಾಜಕುಮಾರರು. ಉಪಾಲಿಗೆ ಯಾರೂ 'ಇನ್ನೂ ಸ್ವಲ್ಪ ತಗ್ಗು' ಎನ್ನಲಿಲ್ಲ. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ಮಹಾಕಸ್ಸಪರು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಇಡೀ ವಿನಯವನ್ನು ಹೇಳಿದವರು ಇದೇ ಉಪಾಲಿ ಥೇರರು. ನಾನು ಮೇಲು ಎನ್ನುವಂತೆಯೇ ನಾನು ಕೀಳು ಎನ್ನುವುದೂ ಧಮ್ಮದಲ್ಲಿ 'ಮಾನ' ಎಂಬ ದೋಷವೇ. ನಮ್ಮವರಿಗೆ ಹೆಚ್ಚು ಬೇಕಾದ ಪಾಠ ಎರಡನೆಯದು ಎಂದು ನನ್ನ ಅನಿಸಿಕೆ.

ಎದ್ದು ನಿಂತವರ ವಿನಯ ಹೇಗಿರುತ್ತದೆ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಮಾಡಿದ ಭಾಷಣ ನೋಡಿ. ತಮಗೆ ಸಂದ ಶ್ರೇಯಸ್ಸಿನಲ್ಲಿ ಮಂಗಳೂರು ಮೂಲದ ಬಿ.ಎನ್. ರಾವ್ ಅವರಿಗೆ, ಎಸ್.ಎನ್. ಮುಖರ್ಜಿ ಅವರಿಗೆ ಪಾಲಿದೆ ಎಂದರು. ಮಧ್ಯರಾತ್ರಿ ದಾಟಿ ದುಡಿದ ಕಚೇರಿ ಸಿಬ್ಬಂದಿಯನ್ನೂ ನೆನೆದರು. ಅದೇ ಭಾಷಣದಲ್ಲಿ, ಸಾಮಾಜಿಕ ಅಸಮಾನತೆ ಹೀಗೇ ಉಳಿದರೆ ಅದರಿಂದ ನೊಂದವರು ಈ ಪ್ರಜಾಪ್ರಭುತ್ವವನ್ನೇ ಸ್ಫೋಟಿಸುತ್ತಾರೆ ಎಂದು ಸಭೆಯ ಮುಖಕ್ಕೇ ಎಚ್ಚರಿಸಿದರು. ದನಿ ಎಲ್ಲೂ ತಗ್ಗಲಿಲ್ಲ.

ಆ ಕೃತಜ್ಞತೆಯ ಮಾತನ್ನೇ ಹಿಡಿದು 'ಸಂವಿಧಾನ ಬರೆದದ್ದು ರಾವ್' ಎಂದು ಫಾರ್ವರ್ಡ್ ಮಾಡುವವರಿದ್ದಾರೆ. ಅವರಿಗೆ ಹೆದರಿ ನಾವು ಆ ಭಾಗವನ್ನು ಮುಚ್ಚಿಡಬೇಕಿಲ್ಲ.

ಈ ಭಾನುವಾರ ವಂದನೆಯ ನಂತರ ಆ ಭಾಷಣ ಓದೋಣ. ಹಿಂದಿನ ಸಾಲಿನಲ್ಲಿ ಕೂರುವ ಪಿಯುಸಿ ಹುಡುಗಿಯರು ಓದಲಿ. ಪ್ರತಿ ಸಲ ಮೈಕ್ ಹಿಡಿಯುವ ಅಣ್ಣಂದಿರು ಈ ವಾರ ಕುರ್ಚಿ ಜೋಡಿಸಲಿ.

ಭವತು ಸಬ್ಬ ಮಂಗಲಂ.