ನೀನು ಯಾರು ಎಂದು ಕೇಳುವವರಿಗೆ

ಮೇಜಿನ ಆಚೆ ಮೂವರು ಕೂತಿದ್ದರು. ಈಚೆ ನಾನೊಬ್ಬ. ಗೋಡೆಯ ಮೇಲೆ ಗಾಂಧಿ, ಬಸವಣ್ಣ, ಅಂಬೇಡ್ಕರ್ ಮೂವರ ಪಟಗಳೂ ಇದ್ದವು. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಕೆಲಸ ಖಾಲಿ ಇತ್ತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಂಗಿ ಇಸ್ತ್ರಿ ಮಾಡಿಸಿಕೊಂಡು, ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೋಗಿದ್ದೆ.

"ನಿಮ್ಮ ಬಗ್ಗೆ ಹೇಳಿ" ಎಂದರು.

ಈ ಪ್ರಶ್ನೆಗೆ ಉತ್ತರ ನನಗೆ ಬಾಯಿಪಾಠವಾಗಿತ್ತು. ಕೋಚಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಹೆಸರು, ಊರು, ಓದು, ಅಂಕ, ಹವ್ಯಾಸ, ಎಲ್ಲ ಎರಡು ನಿಮಿಷದೊಳಗೆ ಮುಗಿಯಬೇಕು, ಮುಖದಲ್ಲಿ ನಗು ಇರಬೇಕು. ಅಪ್ಪ ಕೂಲಿ ಮಾಡುತ್ತಿದ್ದರೆ ಕೂಲಿ ಎನ್ನಬಾರದು, 'ಅಗ್ರಿಕಲ್ಚರ್' ಎನ್ನಬೇಕು. ಹಾಗೇ ಹೇಳಿದೆ.

ನಡುವೆ ಕೂತಿದ್ದವರು ಕೇಳಿದರು, "ಎಷ್ಟು ಎಕರೆ?"

ಇದಕ್ಕೆ ಕೋಚಿಂಗಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. "ಎರಡೆಕರೆ ಸರ್" ಅಂದುಬಿಟ್ಟೆ. ಬದುಕಿಡೀ ಕಂಡವರ ಗದ್ದೆಯಲ್ಲಿ ಗೇದರೂ ಅಪ್ಪನಿಗೆ ದಕ್ಕದ ನೆಲವನ್ನು ಒಂದೇ ಉಸಿರಿನಲ್ಲಿ ಅವನ ಹೆಸರಿಗೆ ಬರೆದುಕೊಟ್ಟಿದ್ದೆ.

ಆಮೇಲೆ ಗಣಿತದ ಒಂದು ಪ್ರಶ್ನೆಯೂ ಬರಲಿಲ್ಲ. ಇನಿಷಿಯಲ್ ಬಿಡಿಸಿ ಹೇಳಿ ಅಂದರು. ಹೇಳಿದೆ. ಊರಲ್ಲಿ ಮನೆ ಎಲ್ಲಿ ಬರುತ್ತೆ, ದೇವಸ್ಥಾನದ ಹತ್ತಿರವಾ ಅಂದರು. ಮನೆದೇವರು ಯಾವುದು ಅಂದರು. ಮೂರನೆಯ ಉತ್ತರಕ್ಕೆ ಅವರಿಗೆ ಬೇಕಾದ್ದು ಸಿಕ್ಕಿತು. "ಆಯ್ತು, ತಿಳಿಸ್ತೀವಿ" ಅಂದರು. ತಿಳಿಸಲಿಲ್ಲ.

ರಾತ್ರಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. "ಅಲ್ಲ ಕಣ್ ಮಗ, ಎರಡೆಕ್ರೆ ಅಂದ್ಯಲ್ಲ, ತರಿನೋ ಖುಷ್ಕಿನೋ ಅಂತ ಕೇಳ್ನಿಲ್ವಾ ಅವ್ರು?" ಎಂದು ನಕ್ಕಳು. ಅಪ್ಪ ನಗಲಿಲ್ಲ. ತಟ್ಟೆಯ ಮುಂದೆ ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದ.

ಅಪ್ಪನ ಆ ಬಗ್ಗಿದ ತಲೆಯನ್ನು ನೋಡಿದ ಮೇಲೆ ಈ ಬರಹ ನನ್ನೊಳಗೆ ಶುರುವಾಯಿತು. ನಾನು ಹೇಳಿದ್ದು ಸುಳ್ಳು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಸುಳ್ಳು ಯಾರದು? ಕೆಲಸ ಕೇಳಿಕೊಂಡು ಹೋದವನು ತನ್ನ ಬಗ್ಗೆ ಎಷ್ಟು ನಿಜ ಹೇಳಬೇಕು, ಯಾರಿಗೆ ಹೇಳಬೇಕು?

ಗೆಳೆಯರೆ, ಸತ್ಯದ ಪಾಠವನ್ನು ನಾವೆಲ್ಲ ಪುಣ್ಯಕೋಟಿಯಿಂದ ಕಲಿತವರು. ಕೊಟ್ಟ ಮಾತಿಗೆ ತಪ್ಪದೆ ಹಸು ಹುಲಿಯ ಮುಂದೆ ಬಂದು ನಿಂತಿತು. ಹುಲಿಗೆ ನಾಚಿಕೆಯಾಗಿ ಅದು ಪ್ರಾಣ ಬಿಟ್ಟಿತು. ಒಂದನೇ ಕ್ಲಾಸಿನಲ್ಲಿ ಈ ಕತೆ ಕೇಳಿ ನಾನೂ ಅತ್ತಿದ್ದೇನೆ. ಆದರೆ ಮುಂದೆ ಬದುಕಿನಲ್ಲಿ ನಾವು ಕಂಡ ಹುಲಿಗಳಿಗೆ ನಾಚಿಕೆಯ ಅಭ್ಯಾಸವಿರಲಿಲ್ಲ. ಹಸು ನಿಜ ಹೇಳಿದ್ದರಿಂದ ಅವುಗಳಿಗೆ ಊಟ ಸಲೀಸಾಯಿತು, ಅಷ್ಟೆ.

ಅಂಬೇಡ್ಕರ್ ತಮ್ಮ ಬದುಕಿನ ಕೆಲವು ಪ್ರಸಂಗಗಳನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹದಲ್ಲಿ ತಾವೇ ಬರೆದಿಟ್ಟಿದ್ದಾರೆ. 1901ನೆಯ ಇಸವಿ. ಅವರಿನ್ನೂ ಒಂಬತ್ತು ವರ್ಷದ ಹುಡುಗ. ಗೋರೆಗಾಂವಿನಲ್ಲಿ ಕೆಲಸದಲ್ಲಿದ್ದ ಅಪ್ಪನನ್ನು ನೋಡಲು ಬೇರೆ ಮಕ್ಕಳ ಜೊತೆ ಹೊಸ ಬಟ್ಟೆ ಹಾಕಿಕೊಂಡು ಹೊರಟು, ಸತಾರಾ ಜಿಲ್ಲೆಯ ಮಸೂರ್ ಎಂಬಲ್ಲಿ ರೈಲು ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರ ಪ್ರೀತಿಯಿಂದಲೇ ಹತ್ತಿರ ಬಂದು ನೀವು ಯಾರು ಎಂದು ಕೇಳಿದ. ಹುಡುಗ ಯೋಚನೆಯನ್ನೇ ಮಾಡದೆ, ಮಹಾರರು ಎಂದ. ಮಾಸ್ತರನ ಮುಖ ಬದಲಾಯಿತು, ಹಿಂದೆ ಸರಿದ. ದುಪ್ಪಟ್ಟು ಬಾಡಿಗೆ ಕೊಡುತ್ತೇವೆಂದ ಮೇಲೆ ಒಂದು ಗಾಡಿ ಸಿಕ್ಕಿತು, ಅದೂ ಮಕ್ಕಳೇ ಹೊಡೆದುಕೊಂಡು ಹೋಗಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರಿನ ಮೇಲೆ. ರಾತ್ರಿ ಸುಂಕದ ಕಟ್ಟೆಯ ಹತ್ತಿರ ಬಾಯಾರಿಕೆ. ಗಾಡಿಯವನು ಹೇಳಿಕೊಟ್ಟಂತೆ ಹುಡುಗ ಸುಂಕದವನಿಗೆ ತಾವು ಮುಸಲ್ಮಾನರು ಎಂದ. ನೀರು ಆಗಲೂ ಸಿಗಲಿಲ್ಲ. ಬುತ್ತಿಯಲ್ಲಿ ಅನ್ನವಿದ್ದರೂ ನೀರಿಲ್ಲದೆ ಉಣ್ಣಲಾಗದೆ ಮಕ್ಕಳು ಹಸಿದೇ ಮಲಗಿದರು.

ಒಂದೇ ದಿನದಲ್ಲಿ ಎರಡು ಪರಿಚಯ. ಒಂದು ನಿಜ, ಒಂದು ಸುಳ್ಳು. ನಿಜ ಹೇಳಿದ್ದಕ್ಕೆ ಗಾಡಿ ಇಲ್ಲ, ಸುಳ್ಳು ಹೇಳಿದರೂ ನೀರಿಲ್ಲ. ಆ ಹುಡುಗ ಎಲ್ಲಿ ತಪ್ಪು ಮಾಡಿದ ಎಂದು ಯಾರಾದರೂ ನೀತಿ ಬಲ್ಲವರು ಹೇಳಲಿ ನೋಡೋಣ. ತಪ್ಪು ಉತ್ತರದಲ್ಲಿ ಇರಲಿಲ್ಲ. ನೀರು ಕೊಡುವುದಕ್ಕೆ ಮೊದಲು ನೀನು ಯಾರು ಎಂದು ಕೇಳಿದ್ದೇ ತಪ್ಪು.

ಹದಿನಾರು ವರ್ಷದ ಮೇಲೆ, 1917ರಲ್ಲಿ, ಅದೇ ಹುಡುಗ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲೂ ಲಂಡನ್ನಿನಲ್ಲೂ ಓದಿ, ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಕೆಲಸವೇನೋ ಸಿಕ್ಕಿತ್ತು, ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ನಿಂತಿತು, ನೀನು ಯಾರು ಎಂದು. ಅಂದು ಸಂಜೆಯೊಳಗೆ ಜಾಗ ಖಾಲಿ ಮಾಡಬೇಕಾಯಿತು. ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಮರಳಿದರು.

ಬಾಬಾಸಾಹೇಬರು ಸುಳ್ಳು ಹೆಸರು ಹೇಳಿದ್ದನ್ನು ಬಚ್ಚಿಡಲಿಲ್ಲ. ತಾವೇ ಬರೆದು ಲೋಕಕ್ಕೆ ಹೇಳಿದರು. ಇದು ನನಗೆ ಬಹಳ ದೊಡ್ಡ ಪಾಠ. ದೊಣ್ಣೆ ಹಿಡಿದು ಕೇಳಿದವರಿಗೆ ನಿಜ ಹೇಳಲೇಬೇಕೆಂಬ ಸಾಲ ಅವರ ಮೇಲೆ ಇರಲಿಲ್ಲ. ತಮಗೆ ಬೇಕೆನಿಸಿದ ಹೊತ್ತಿನಲ್ಲಿ, ತಾವೇ ಆರಿಸಿಕೊಂಡ ಮಾತಿನಲ್ಲಿ ಪೂರ್ತಿ ನಿಜ ಹೇಳಿದರು. ಹುಟ್ಟಿನ ನಿಜವನ್ನು ಯಾವಾಗ, ಯಾರಿಗೆ ಹೇಳಬೇಕೆಂಬ ಹಕ್ಕು ಹುಟ್ಟಿದವನದೇ.

"ಅದೆಲ್ಲ ಬ್ರಿಟಿಷರ ಕಾಲದ ಮಾತು, ಈಗ ಯಾರು ಜಾತಿ ಕೇಳ್ತಾರೆ ಸ್ವಾಮಿ?" ಎನ್ನುವವರಿದ್ದಾರೆ. ನಿಜ, ಈಗ ಜಾತಿಯನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ನಮ್ಮ ಹಳೇ ಮೈಸೂರಿನ ಕಡೆ, ಗೌಡ, ಶೆಟ್ಟಿ, ರಾವ್ ಎಂದು ಬರೆದುಕೊಳ್ಳುವವರನ್ನು ಬಿಟ್ಟರೆ, ಹೆಸರಿನ ಜೊತೆ ಊರಿನದೋ ಅಪ್ಪನದೋ ಒಂದು ಅಕ್ಷರ ಮಾತ್ರ ಇರುತ್ತದೆ. ಬರೀ ಹೆಸರಿನಿಂದ ಜಾತಿ ಗೊತ್ತಾಗುವುದಿಲ್ಲ. ಅದಕ್ಕೇ ಇನಿಷಿಯಲ್ಲು, ಬೀದಿ, ಮನೆದೇವರು. ಕಂಪನಿಗಳಲ್ಲಿ ಇದಕ್ಕೆ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಎಂಬ ಅಂದದ ಹೆಸರಿದೆ.

ಇದು ನನ್ನೊಬ್ಬನ ಅನುಮಾನವಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ಇಬ್ಬರು ವಿದ್ವಾಂಸರು ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4808 ಅರ್ಜಿಗಳನ್ನು ಕಳಿಸಿ ನೋಡಿದರು. ಓದು, ಅರ್ಹತೆ ಒಂದೇ ತೆರನಾಗಿದ್ದು ಹೆಸರು ಮಾತ್ರ ಬೇರೆ ಇದ್ದ ಅರ್ಜಿಗಳಲ್ಲಿ, ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. 2007ರಲ್ಲಿ ಇದು 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟವಾಯಿತು. ಸಂದರ್ಶನದ ಬಾಗಿಲು ತಟ್ಟುವ ಮೊದಲೇ ಹೆಸರು ಒಳಗೆ ಹೋಗಿ ನಮ್ಮ ಪರಿಚಯ ಹೇಳಿಬಿಟ್ಟಿರುತ್ತದೆ.

ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಕಂಡಿವೆ. ನಮ್ಮದೇ ಮೈಸೂರು ರಾಜ್ಯದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಸಂದರ್ಶನದ ಅಂಕ ಸೇರಿಸುತ್ತಿದ್ದರು. ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಆ ಪದ್ಧತಿಯನ್ನು ಎತ್ತಿಹಿಡಿಯಿತು. 1980ರಲ್ಲಿ ಅಜಯ್ ಹಾಸಿಯಾ ಮೊಕದ್ದಮೆ ಬಂತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ ಬರವಣಿಗೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರನ್ನು ಮಾತಾಡಿಸಿದ್ದು ಎರಡು ಮೂರು ನಿಮಿಷ, ಕೇಳಿದ್ದು ಹೆತ್ತವರ ಬಗ್ಗೆ, ಇರುವ ಜಾಗದ ಬಗ್ಗೆ ಎಂಬುದು ವಿದ್ಯಾರ್ಥಿಗಳ ದೂರು. ಸಂದರ್ಶನಕ್ಕೆ ನೂರಕ್ಕೆ 15ಕ್ಕಿಂತ ಹೆಚ್ಚು ಅಂಕ ಇಡುವುದು ನ್ಯಾಯವಲ್ಲ ಎಂದು ಕೋರ್ಟು ಹೇಳಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಕೆಳಹಂತದ ತನ್ನ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಖಾಸಗಿಯವರ ಮೇಜಿಗೆ ಮಾತ್ರ ಈ ಯಾವ ಲೆಕ್ಕವೂ ಇಲ್ಲ, ಮೀಸಲಾತಿಯೂ ಇಲ್ಲ.

ಇಲ್ಲಿ ಇನ್ನೊಂದು ಮಾತು ಎದ್ದು ನಿಲ್ಲುತ್ತದೆ. "ಮೀಸಲಾತಿ ಬೇಕಾದಾಗ ಜಾತಿ ಸರ್ಟಿಫಿಕೇಟು ತೋರಿಸ್ತೀರಿ, ಬಾಯಲ್ಲಿ ಕೇಳಿದರೆ ಯಾಕೆ ಕೋಪ?" ಸರ್ಟಿಫಿಕೇಟು ತೋರಿಸುವಾಗ ನಾವು ಆಗಿಹೋದ ಅನ್ಯಾಯಕ್ಕೆ ಲೆಕ್ಕ ಕೇಳುತ್ತಿರುತ್ತೇವೆ. ಅದು ಸಂವಿಧಾನ ಕೊಟ್ಟ ಹಕ್ಕು. ಮನೆದೇವರನ್ನು ಕೇಳುವವನು ಅದೇ ಅನ್ಯಾಯವನ್ನು ಮುಂದುವರಿಸಲು ಅಳತೆ ತೆಗೆಯುತ್ತಿರುತ್ತಾನೆ. ಗಾಯವನ್ನು ಡಾಕ್ಟರಿಗೆ ತೋರಿಸುತ್ತೇವೆ. ದೊಣ್ಣೆ ಹಿಡಿದವನಿಗೆ ತೋರಿಸಿದರೆ ಅವನು ಅಲ್ಲೇ ಹೊಡೆಯುತ್ತಾನೆ.

ನಮ್ಮ ಸಂಘಟನೆಯ ಗೆಳೆಯರೊಬ್ಬರು ನನಗೆ ಬೈದರು. "ಎದೆ ಉಬ್ಬಿಸಿ ಜಾತಿ ಹೇಳಿ ಎದ್ದು ಬರಬೇಕಿತ್ತು ಕಣಯ್ಯ" ಎಂದರು. ಹಾಗೆ ಹೇಳಿ ಬಂದವರಿಗೆ ನನ್ನ ಶರಣು. ಆದರೆ ಮನೆಯಲ್ಲಿ ಒಲೆ ಉರಿಯಬೇಕಾದವನಿಂದ ದಿನಾ ಈ ಧೈರ್ಯವನ್ನು ಕೇಳುವುದು ಅನ್ಯಾಯ. ಆ ಮೂವರು ನೆಟ್ಟಗಿದ್ದಿದ್ದರೆ ನನಗೆ ಧೈರ್ಯ ಬೇಕಾಗಿರಲಿಲ್ಲ, ಗಣಿತ ಬಂದಿದ್ದರೆ ಸಾಕಿತ್ತು.

ಇಷ್ಟೆಲ್ಲ ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೇನೆಯೆ? ಅಪ್ಪನ ಬಗ್ಗಿದ ತಲೆ ಹೌದು ಎನ್ನುತ್ತದೆ.

ಯಾಕೆಂದರೆ ನಾನು ಮುಚ್ಚಿಟ್ಟದ್ದು ಜಾತಿಯೊಂದನ್ನೇ ಅಲ್ಲ. ಅಪ್ಪನ ದುಡಿಮೆಯನ್ನು ಮುಚ್ಚಿಟ್ಟೆ. ಕೂಲಿ ಎನ್ನುವ ಮಾತು ಮುಖದ ಮೇಲಿನ ಕೆಸರಿನಂತೆ ಕಂಡು ಒರೆಸಿಕೊಂಡೆ. ಜಾತಿ ನಾವು ಮಾಡಿದ್ದಲ್ಲ, ಅದನ್ನು ಹೇಳದಿದ್ದರೆ ಯಾರಿಗೂ ಮೋಸವಿಲ್ಲ. ದುಡಿಮೆ ನಾವು ಮಾಡಿದ್ದು. ಅದನ್ನು ಅಳಿಸಿದರೆ ದುಡಿದವನನ್ನೇ ಅಳಿಸಿದ ಹಾಗೆ. ನಾಚಬೇಕಾದ್ದು ಕೂಲಿ ಕೊಡದೆ ದುಡಿಸಿಕೊಂಡವರು. ಅವರ ನಾಚಿಕೆಯನ್ನು ನಾನು ಹೊತ್ತುಕೊಂಡು ಆ ಕೋಣೆಗೆ ಹೋಗಿದ್ದೆ. ಎರಡೆಕರೆಯ ಸುಳ್ಳಿನಲ್ಲಿ ನನ್ನ ಪಾಲು ಇದು, ಒಪ್ಪಿಕೊಳ್ಳುತ್ತೇನೆ.

ನನ್ನ ತಾತ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಕಾಲುವೆಯಲ್ಲಿ ಮಣ್ಣು ಕೊಟ್ಟು ನೀರು ತಿರುಗಿಸುವುದು ಅವನ ಕೆಲಸ. ಕೆರೆಯಲ್ಲಿ ಎಷ್ಟು ನೀರಿದೆ, ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆ ಇದೆ, ಪೈರು ಕಟಾವಿಗೆ ಎಷ್ಟು ದಿನ ಇದೆ, ಯಾರ ಮಡಿಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲ ಅವನ ತಲೆಯಲ್ಲಿತ್ತು. ಮಳೆ ಕೈಕೊಟ್ಟ ವರ್ಷ ಇದ್ದಷ್ಟು ನೀರನ್ನು ಜಗಳವಿಲ್ಲದೆ ಹಂಚಬೇಕಿತ್ತು. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತು ಆಯ ತರುತ್ತಿದ್ದ. ಊರಿಗೆಲ್ಲ ನೀರು ಕೊಟ್ಟವನು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.

ನಾನು ಶಾಲೆಯಲ್ಲಿ ಅನುಪಾತ, ಭಿನ್ನರಾಶಿ ಕಲಿತಾಗ ಅದು ಕಷ್ಟವೆನಿಸಲಿಲ್ಲ. ತಾತನ ಬಾಯಲ್ಲಿ ಅದನ್ನು ಕೇಳಿಕೊಂಡೇ ಬೆಳೆದಿದ್ದೆ. ಗಣಿತದ ಮೇಷ್ಟ್ರ ಕೆಲಸಕ್ಕೆ ಹೋದವನು ಹೇಳಬೇಕಾಗಿದ್ದ ಪರಿಚಯ ಇದಲ್ಲವೆ? ನನ್ನ ಬಗ್ಗೆ ಹೇಳಿ ಎಂದಾಗ, ನನ್ನ ತಾತ ಕೆರೆಯ ನೀರು ಹಂಚುತ್ತಿದ್ದ, ಅಪ್ಪ ಅವ್ವ ಕೂಲಿ ಮಾಡಿ ಓದಿಸಿದರು, ಲೆಕ್ಕ ಬರದ ಮಗುವಿಗೆ ನಾನು ನೀರಿನ ಪಾಲು ತೋರಿಸಿ ಭಿನ್ನರಾಶಿ ಕಲಿಸಬಲ್ಲೆ, ಬೋರ್ಡು ಕೊಡಿ ತೋರಿಸ್ತೀನಿ ಎನ್ನಬಹುದಿತ್ತು. ನೀರುಗಂಟಿ ಎಂದೊಡನೆ ಅವರಿಗೆ ಜಾತಿ ಗೊತ್ತಾಗುತ್ತಿತ್ತೇನೋ. ಕೆಲಸ ಆಗಲೂ ಸಿಗುತ್ತಿರಲಿಲ್ಲವೇನೋ. ಆದರೆ ಅವರು ಜಾತಿಗಾಗಿ ಕೆದಕುತ್ತಿದ್ದಾಗ ನಾನು ವಿದ್ಯೆಯನ್ನು ಮೇಜಿನ ಮೇಲೆ ಇಟ್ಟಂತಾಗುತ್ತಿತ್ತು. ರಾತ್ರಿ ಅಪ್ಪ ತಲೆ ಎತ್ತಿ ಉಣ್ಣುತ್ತಿದ್ದ.

ಇದನ್ನು ಎಲ್ಲರಿಗೂ ನಿಯಮ ಮಾಡಿ ಹೇಳುತ್ತಿಲ್ಲ. ಹಸಿದವನು ಏನು ಹೇಳಿ ಕೆಲಸ ಗಿಟ್ಟಿಸಿದರೂ ನಾನು ಅವನ ತೀರ್ಪುಗಾರನಲ್ಲ. ಆದರೆ ಮೇಜಿನ ಆಚೆ ಕೂರುವವರಿಗೆ ಒಂದು ಮಾತಿದೆ. ಅಂದು ಆ ಮೂವರಲ್ಲಿ ಒಬ್ಬರೂ ತಾವು ಯಾರೆಂದು ಹೇಳಲಿಲ್ಲ. ನನ್ನ ಮನೆದೇವರವರೆಗೆ ಹೋದವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಪರಿಚಯ ಎಂದರೆ ಇಬ್ಬರ ನಡುವಿನ ಮಾತು. ಒಬ್ಬನೇ ಬಿಚ್ಚಿಕೊಳ್ಳಬೇಕಾದರೆ ಅದು ಪರಿಚಯವಲ್ಲ, ತನಿಖೆ. ಯಾರವನು ಎಂಬ ಪ್ರಶ್ನೆಯೇ ಬೇಡವೆಂದು 12ನೆಯ ಶತಮಾನದಲ್ಲೇ ವಚನ ಬರೆದ ಬಸವಣ್ಣ ಅವರ ತಲೆಯ ಮೇಲೆ ಪಟವಾಗಿ ಸುಮ್ಮನೆ ನೇತಾಡುತ್ತಿದ್ದ.

ಕೊನೆಗೆ ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ. ನನ್ನ ಮೊದಲ ಸಂದರ್ಶನ ಆ ಹೈಸ್ಕೂಲಿನಲ್ಲಿ ಆದದ್ದಲ್ಲ. ಐದನೇ ಕ್ಲಾಸಿನಲ್ಲಿ, ಶಾಲೆ ಶುರುವಾದ ದಿನ ಆಯಿತು. ಒಬ್ಬೊಬ್ಬರನ್ನೇ ಎಬ್ಬಿಸಿ, ನಿನ್ನ ಹೆಸರೇನು, ಅಪ್ಪ ಏನು ಮಾಡ್ತಾರೆ ಎಂದು ಕೇಳಿದರು. ಕೇಳಿದವರು ಒಳ್ಳೆಯವರೇ. ನನಗಿಂತ ಮುಂಚೆ ಎದ್ದವನು ಅಂಗಡಿ ಅಂದ, ಇನ್ನೊಬ್ಬ ತೋಟ ಅಂದ. ನಾನು ಎದ್ದು ನಿಂತು, ಬೇಸಾಯ ಸರ್ ಎಂದೆ. ಸುಳ್ಳು ಅಲ್ಲೇ ಕಲಿತೆ. ಕೋಚಿಂಗ್ ಕ್ಲಾಸಿನವರು ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಟ್ಟರು, ಅಷ್ಟೆ.

ಈ ಸಲ ಶಾಲೆ ತೆರೆದಾಗ ಆ ಪ್ರಶ್ನೆಯನ್ನು ಬಿಟ್ಟುಬಿಡಿ. ನಿನಗೆ ಏನು ಮಾಡೋಕೆ ಬರುತ್ತೆ ಎಂದು ಕೇಳಿ. ಒಬ್ಬಳು ಮೇಕೆ ಹಾಲು ಕರೀತೀನಿ ಎನ್ನುತ್ತಾಳೆ. ಒಬ್ಬ ಈಜ್ತೀನಿ ಎನ್ನುತ್ತಾನೆ. ನಾಟಿ ಹಾಕ್ತೀನಿ, ತಮ್ಮನ್ನ ಎತ್ಕೊಂಡು ಸಮಾಧಾನ ಮಾಡ್ತೀನಿ ಎನ್ನುವವರೂ ಇರುತ್ತಾರೆ. ಎಲ್ಲರೂ ಹೇಳಿದ ಮೇಲೆ ನಿಮಗೆ ಏನು ಬರುತ್ತೆ ಎಂಬುದನ್ನೂ ಅವರಿಗೆ ಹೇಳಿ.